ಅಡ್ಡಗೆರೆ ಭೂಮಿಯದು, ಉದ್ದಗೆರೆ ನಮ್ಮದು

ಪ್ರೌಢಶಾಲೆಯ ಭೂಗೋಳ ಪಾಠದ ಆ ಚಿತ್ರ ಬಹುತೇಕ ಎಲ್ಲರಿಗೂ ನೆನಪಿರುತ್ತದೆ. ದುಂಡಗಿನ ಭೂಮಿ, ಅದರ ಮೇಲೆ ಬಲೆ ಹೊದಿಸಿದಂತೆ ಗೆರೆಗಳು. ಅಡ್ಡಗೆರೆಗಳು ಅಕ್ಷಾಂಶ, ಉದ್ದಗೆರೆಗಳು ರೇಖಾಂಶ. ನನಗಂತೂ ಪರೀಕ್ಷೆಯ ಹಿಂದಿನ ರಾತ್ರಿಯವರೆಗೂ ಇವೆರಡು ಅದಲುಬದಲಾಗುತ್ತಿದ್ದವು. ತಪ್ಪು ಪೂರ್ತಿ ನನ್ನದಲ್ಲ ಎಂದು ಈಗ ಅನ್ನಿಸುತ್ತದೆ. ಆ ಚಿತ್ರವೇ ಎರಡನ್ನೂ ಅವಳಿಗಳಂತೆ ತೋರಿಸುತ್ತದೆ. ಹುಟ್ಟು ಕೆದಕಿದರೆ ಇವುಗಳ ನಡುವೆ ನಂಟು ಬಹಳ ಕಡಿಮೆ. ಅಡ್ಡಗೆರೆಗಳ ಸೊನ್ನೆಯನ್ನು ಭೂಮಿ ತಾನೇ ಗೊತ್ತುಮಾಡಿದೆ. ಉದ್ದಗೆರೆಗಳ ಸೊನ್ನೆಯನ್ನು ಒಂದು ಸಭೆಯಲ್ಲಿ ಮತಕ್ಕೆ ಹಾಕಿ ತೀರ್ಮಾನಿಸಲಾಯಿತು.

ಮೊದಲು ಸುಲಭದ್ದನ್ನು ಮುಗಿಸೋಣ. ಬುಗುರಿ ತಿರುಗುವಾಗ ಅದರ ತುದಿ ಮತ್ತು ನೆತ್ತಿ ಮಾತ್ರ ಇದ್ದಲ್ಲೇ ಇರುತ್ತವೆ, ಉಳಿದದ್ದೆಲ್ಲ ಸುತ್ತುತ್ತದೆ. ಭೂಮಿಗೂ ಹಾಗೆ ಎರಡು ಜಾಗಗಳಿವೆ, ಅವೇ ಧ್ರುವಗಳು. ಎರಡಕ್ಕೂ ಸಮ ದೂರದಲ್ಲಿ ಸುತ್ತು ಹಾಕಿದರೆ ಸಮಭಾಜಕ ವೃತ್ತ ಸಿಕ್ಕಿತು. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅಕ್ಷಾಂಶವನ್ನು ಅಳೆಯುವುದೂ ಕಷ್ಟವಲ್ಲ. ಉತ್ತರ ಧ್ರುವದಲ್ಲಿ ನಿಂತವರಿಗೆ ಧ್ರುವ ನಕ್ಷತ್ರ ನೆತ್ತಿಯ ಮೇಲೆ, ಸಮಭಾಜಕದಲ್ಲಿ ನಿಂತವರಿಗೆ ಕ್ಷಿತಿಜದಲ್ಲಿ. ನಡುವೆ ಎಲ್ಲೇ ಇದ್ದರೂ ಅದು ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ನಿಮ್ಮ ಅಕ್ಷಾಂಶ. ಈ ನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಒಂದು ಡಿಗ್ರಿಗಿಂತ ಕಡಿಮೆ ಸರಿದಿದೆ, ಆದ್ದರಿಂದ ಸಣ್ಣ ತಿದ್ದುಪಡಿ ಸಾಕು. ದಕ್ಷಿಣಾರ್ಧದಲ್ಲಿ ಈ ನಕ್ಷತ್ರ ಕಾಣದು. ಅಲ್ಲಿ ನಡುಹಗಲಿನ ಸೂರ್ಯನ ಎತ್ತರದಿಂದಲೇ ಲೆಕ್ಕ ಹಾಕುತ್ತಿದ್ದರು.

ಪಾಠದಲ್ಲಿ ಬಾಯಿಪಾಠ ಮಾಡಿಸುವ ಇಪ್ಪತ್ತಮೂರೂವರೆ ಡಿಗ್ರಿಯೂ ಭೂಮಿಯ ಸ್ವಂತದ್ದೇ, ಅದರ ಅಕ್ಷದ ಓರೆಯಿಂದ ಬಂದದ್ದು. ಅದು ಕಲ್ಲಿನಲ್ಲಿ ಕೊರೆದ ಅಂಕಿಯೆಂದು ಮಾತ್ರ ತಿಳಿಯಬೇಡಿ. ಈ ಓರೆ ಸುಮಾರು 41,000 ವರ್ಷಗಳ ಆವರ್ತದಲ್ಲಿ ತುಸು ಹೆಚ್ಚುತ್ತ ತುಸು ತಗ್ಗುತ್ತ ಇರುತ್ತದೆ. ಈಗ ತಗ್ಗುವ ಕಾಲ. ಹಾಗಾಗಿ ಕರ್ಕಾಟಕ ಸಂಕ್ರಾಂತಿ ವೃತ್ತ ವರ್ಷಕ್ಕೆ ಸುಮಾರು 15 ಮೀಟರ್ ದಕ್ಷಿಣಕ್ಕೆ ಜಾರುತ್ತಿದೆ. ರಸ್ತೆಯ ಪಕ್ಕ ಅದರ ಹೆಸರಿನ ಫಲಕ ನೆಟ್ಟರೆ ಮರುವರ್ಷದಿಂದಲೇ ಆ ಫಲಕ ಸುಳ್ಳು ಹೇಳತೊಡಗುತ್ತದೆ.

ಉದ್ದಗೆರೆಗಳ ಕಥೆಯೇ ಬೇರೆ. ಭೂಮಿ ತಿರುಗುವುದರಿಂದ ಒಂದೇ ಅಕ್ಷಾಂಶದಲ್ಲಿರುವ ಎಲ್ಲರ ತಲೆಯ ಮೇಲೂ ಅದೇ ನಕ್ಷತ್ರಗಳು ಸರತಿಯಂತೆ ಹಾದುಹೋಗುತ್ತವೆ. ಆಕಾಶವನ್ನು ಎಷ್ಟೇ ನೋಡಿದರೂ ಅದೊಂದರಿಂದಲೇ ಪೂರ್ವದಲ್ಲಿದ್ದೇನೋ ಪಶ್ಚಿಮದಲ್ಲಿದ್ದೇನೋ ಹೇಳಲಾಗದು. ಬೇಕಾಗಿರುವುದು ಗಂಟೆ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15 ಡಿಗ್ರಿ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಹಡಗಿನಲ್ಲಿ ನಡುಹಗಲಾದಾಗ ಹೊರಟ ಬಂದರಿನಲ್ಲಿ ಎಷ್ಟು ಗಂಟೆ ಎಂದು ಗೊತ್ತಿದ್ದರೆ ರೇಖಾಂಶ ಕೈಯಲ್ಲಿದ್ದಂತೆ. ಕೇಳಲು ಸರಳ. ಆದರೆ ಸಮಭಾಜಕದ ಬಳಿ ಒಂದು ಡಿಗ್ರಿ ಎಂದರೆ 111 ಕಿಲೋಮೀಟರ್. ಗಡಿಯಾರ ಒಂದು ನಿಮಿಷ ತಪ್ಪಿದರೆ ಹಡಗು ತಾನಿರುವ ಜಾಗವನ್ನು 28 ಕಿಲೋಮೀಟರ್ ತಪ್ಪಾಗಿ ಎಣಿಸುತ್ತದೆ. ಬಂಡೆಗೆ ಬಡಿಯಲು ಅಷ್ಟು ಧಾರಾಳವಾಗಿ ಸಾಕು.

ಹದಿನೇಳನೆಯ ಶತಮಾನದ ಒಳ್ಳೆಯ ಗಡಿಯಾರಗಳೆಂದರೆ ಲೋಲಕದ ಗಡಿಯಾರಗಳು. ಅಲೆಯ ಮೇಲೆ ಹೊಯ್ದಾಡುವ ಹಡಗಿನಲ್ಲಿ ಲೋಲಕ ತನ್ನ ಲಯ ಕಾಪಾಡಿಕೊಳ್ಳುವುದಾದರೂ ಹೇಗೆ? ಸೆಖೆಗೆ ಅದರ ಸರಳು ಹಿಗ್ಗುತ್ತದೆ, ಹಿಗ್ಗಿದರೆ ಗಡಿಯಾರ ನಿಧಾನವಾಗುತ್ತದೆ. 1707ರ ಅಕ್ಟೋಬರಿನಲ್ಲಿ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗುಗಳು, ತಾವಿರುವ ಜಾಗದ ಅಂದಾಜು ತಪ್ಪಿ, ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. 1714ರಲ್ಲಿ ಬ್ರಿಟಿಷ್ ಸಂಸತ್ತು, ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ಹೇಳುವ ವಿಧಾನ ಕೊಟ್ಟವರಿಗೆ 20,000 ಪೌಂಡ್ ಬಹುಮಾನವೆಂದು ಸಾರಿತು.

ಆಕಾಶದಲ್ಲೇ ಒಂದು ಗಡಿಯಾರ ಹುಡುಕಬಹುದಲ್ಲ ಎಂದು ಗೆಲಿಲಿಯೋ ಅದಕ್ಕೂ ಎಷ್ಟೋ ಮೊದಲೇ ಯೋಚಿಸಿದ್ದ. ಗುರುವಿನ ಉಪಗ್ರಹಗಳು ಅದರ ನೆರಳಿಗೆ ಹೊಕ್ಕು ಹೊರಬರುವುದು ಲೆಕ್ಕಕ್ಕೆ ಸಿಗುವ ಘಟನೆ, ಭೂಮಿಯ ಎಲ್ಲ ಕಡೆಗೂ ಒಟ್ಟಿಗೇ ಕಾಣುವಂಥದ್ದು. ವೇಳಾಪಟ್ಟಿಯೊಂದಿದ್ದರೆ ಸಾಕು. ಅಲುಗಾಡುವ ಹಡಗಿನಿಂದ ದೂರದರ್ಶಕ ಹಿಡಿದು ಗುರುವನ್ನು ನೋಡುವುದು ಆಗದ ಮಾತಾಯಿತು, ನೆಲದ ಮೇಲೆ ಮಾತ್ರ ಇದು ಚೆನ್ನಾಗಿಯೇ ಫಲಿಸಿತು. ಫ್ರಾನ್ಸಿನ ನಕ್ಷೆಯನ್ನು ಈ ವಿಧಾನದಿಂದಲೇ ತಿದ್ದಿ ಬರೆದರು. ಇಲ್ಲೇ ಒಂದು ಸೋಜಿಗ ನಡೆಯಿತು. ಭೂಮಿ ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ಅಯೋ ಎಂಬ ಉಪಗ್ರಹದ ಗ್ರಹಣ ವೇಳಾಪಟ್ಟಿಗಿಂತ ತಡವಾಗುತ್ತಿತ್ತು, ಹತ್ತಿರ ಬರುವಾಗ ಬೇಗ ಆಗುತ್ತಿತ್ತು. 1676ರಲ್ಲಿ ಡೆನ್ಮಾರ್ಕಿನ ಓಲೆ ರೋಮರ್ ಕಾರಣ ಹೇಳಿದ: ಉಪಗ್ರಹ ತಡಮಾಡುತ್ತಿಲ್ಲ, ಅದರ ಬೆಳಕು ನಮ್ಮನ್ನು ತಲುಪಲು ಸಮಯ ಹಿಡಿಯುತ್ತಿದೆ. ಬೆಳಕಿಗೂ ವೇಗವೊಂದಿದೆ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಆಧಾರ ಇದು. ಭೌತಶಾಸ್ತ್ರದ ಪಾಠ ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಎಂದು ಹೇಳಿ ಮುಂದೆ ಸಾಗುತ್ತದೆ. ಅದರ ಸುಳಿವು ನಕ್ಷೆ ಬರೆಯುವವರ ಕೆಲಸದ ನಡುವೆ ಸಿಕ್ಕಿತೆಂಬುದನ್ನು ಭೂಗೋಳದ ಪಾಠವೂ ಹೇಳುವುದಿಲ್ಲ. ಪುಸ್ತಕಗಳು ಬೇರೆ, ಅವಧಿಗಳು ಬೇರೆ, ಏನು ಮಾಡುವುದು!

ಕೊನೆಗೆ ಗಡಿಯಾರವನ್ನೇ ಸರಿಪಡಿಸಿದ್ದು ಜಾನ್ ಹ್ಯಾರಿಸನ್ ಎಂಬ ಇಂಗ್ಲಿಷ್ ಬಡಗಿ. ಬಿಸಿಗೆ ಉಕ್ಕಿಗಿಂತ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ. ಎರಡನ್ನೂ ಬೆಸೆದ ಪಟ್ಟಿಯನ್ನು ಕಾಯಿಸಿದರೆ ಅದು ಬಾಗುತ್ತದೆ. ಆ ಬಾಗುವಿಕೆಯನ್ನೇ ಬಳಸಿ ಸೆಖೆಯ ತಪ್ಪನ್ನು ಗಡಿಯಾರ ತಾನೇ ತಿದ್ದಿಕೊಳ್ಳುವಂತೆ ಆತ ಮಾಡಿದ. ಪ್ರಯೋಗಾಲಯದಲ್ಲಿ ದೀಪದ ಮೇಲೆ ಹಿಡಿದು ತೋರಿಸುವ ದ್ವಿಲೋಹ ಪಟ್ಟಿ ಹುಟ್ಟಿದ್ದು ಹೀಗೆ. 1759ರಲ್ಲಿ ಸಿದ್ಧವಾದ ಆತನ ನಾಲ್ಕನೆಯ ಗಡಿಯಾರ ಅಂಗೈಗಿಂತ ತುಸು ದೊಡ್ಡದು, ಅಡ್ಡಳತೆ 13 ಸೆಂಟಿಮೀಟರ್. 1761ರ ಕೊನೆಗೆ ಮಗ ವಿಲಿಯಂ ಅದನ್ನು ಜಮೈಕಾಗೆ ಹೊತ್ತೊಯ್ದ. ಮೊದಲೇ ಗೊತ್ತಿದ್ದ ದಿನದ ಏರುಪೇರನ್ನು ಕಳೆದರೆ, ಎರಡು ತಿಂಗಳು ಮೀರಿದ ಪಯಣದಲ್ಲಿ ಅದು ತಪ್ಪಿದ್ದು ಸುಮಾರು 5 ಸೆಕೆಂಡು.

ಹಣ ಮಾತ್ರ ಸಲೀಸಾಗಿ ಬರಲಿಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ, ಷರತ್ತಿನ ಮೇಲೆ ಷರತ್ತು. 1773ರಲ್ಲಿ ಸಂಸತ್ತು ಕೊನೆಯ ಕಂತು ಕೊಟ್ಟಾಗ ಹ್ಯಾರಿಸನ್‌ಗೆ 80 ವರ್ಷ. ಬಡಗಿಯನ್ನು ನಾಯಕನನ್ನಾಗಿಸಿ, ಚಂದ್ರನ ಸ್ಥಾನದಿಂದ ರೇಖಾಂಶ ಕಂಡುಹಿಡಿಯಹೊರಟ ಖಗೋಳಜ್ಞರನ್ನು ಖಳರನ್ನಾಗಿಸುವುದು ವಾಡಿಕೆ. ನನಗೆ ಅದು ಒಪ್ಪಿಗೆಯಲ್ಲ. ಒಂದು ಗಡಿಯಾರ ಮಾಡಲು ವರ್ಷಗಳೇ ಬೇಕಿದ್ದ ಕಾಲದಲ್ಲಿ, 1767ರಿಂದ ಅಚ್ಚಾಗತೊಡಗಿದ ಚಂದ್ರನ ಕೋಷ್ಟಕಗಳೇ ಸಾಮಾನ್ಯ ನಾವಿಕನ ಕೈಗೆಟುಕುತ್ತಿದ್ದವು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಸೊನ್ನೆ ಎಲ್ಲಿಂದ? ಪ್ರಾಚೀನ ಭೂಗೋಳಜ್ಞ ಟಾಲೆಮಿ ಆಗ ಗೊತ್ತಿದ್ದ ಜಗತ್ತಿನ ಪಶ್ಚಿಮದ ಅಂಚಿನ ದ್ವೀಪಗಳಿಂದ ಎಣಿಸಿದ್ದ. ಭಾರತದ ಪ್ರಾಚೀನ ಜ್ಯೋತಿಷಿಗಳು ಉಜ್ಜಯಿನಿಯ ಮೇಲೆ ಹಾಯುವ ಗೆರೆಯಿಂದ ಎಣಿಸುತ್ತಿದ್ದರು. ಫ್ರೆಂಚರಿಗೆ ಪ್ಯಾರಿಸ್ಸೇ ಸೊನ್ನೆ. ಇವರಲ್ಲಿ ಯಾರನ್ನೂ ತಪ್ಪೆನ್ನಲು ಭೂಮಿಯ ಬಳಿ ಸಾಕ್ಷ್ಯವಿಲ್ಲ. 1884ರ ಅಕ್ಟೋಬರಿನಲ್ಲಿ 25 ದೇಶಗಳ ಪ್ರತಿನಿಧಿಗಳು ವಾಷಿಂಗ್ಟನ್‌ನಲ್ಲಿ ಸೇರಿ ಗ್ರೀನ್‌ವಿಚ್ಚನ್ನು ಆರಿಸಿದರು. ಪರವಾಗಿ 22 ಮತ, ವಿರುದ್ಧ ಒಂದು. ಫ್ರಾನ್ಸ್ ಮತ್ತು ಬ್ರೆಜಿಲ್ ಮತ ಹಾಕಲಿಲ್ಲ. ಗ್ರೀನ್‌ವಿಚ್ ಗೆದ್ದದ್ದಕ್ಕೆ ವೈಜ್ಞಾನಿಕ ಕಾರಣಕ್ಕಿಂತ ವ್ಯವಹಾರವೇ ಮುಖ್ಯ: ಜಗತ್ತಿನ ಬಹುಪಾಲು ಹಡಗುಗಳು ಆಗಲೇ ಬ್ರಿಟಿಷ್ ನಕ್ಷೆಗಳನ್ನು ಬಳಸುತ್ತಿದ್ದವು. ಫ್ರಾನ್ಸಿನ ಮುನಿಸು 1911ರವರೆಗೂ ನಡೆಯಿತು. ಒಪ್ಪಿದಾಗಲೂ ಅದರ ಕಾನೂನು ಗ್ರೀನ್‌ವಿಚ್ ಹೆಸರೆತ್ತಲಿಲ್ಲ. ದೇಶದ ಅಧಿಕೃತ ಸಮಯ 'ಪ್ಯಾರಿಸ್ ಸಮಯಕ್ಕಿಂತ 9 ನಿಮಿಷ 21 ಸೆಕೆಂಡು ಹಿಂದೆ' ಎಂದಷ್ಟೇ ಬರೆಯಿತು. ಲೆಕ್ಕ ಹಾಕಿದರೆ ಅದು ಗ್ರೀನ್‌ವಿಚ್ ಸಮಯವೇ!

ಸೊನ್ನೆಯ ಎದುರು ಬದಿಯ ದಿನಾಂಕ ರೇಖೆ, ಅಂದರೆ ದಾಟಿದರೆ ತಾರೀಖು ಒಂದು ದಿನ ಬದಲಾಗುವ ಗೆರೆ, ಇನ್ನೂ ಬಾಗುವ ಸ್ವಭಾವದ್ದು. ಮೆಗೆಲ್ಲನ್‌ನ ತಂಡದಲ್ಲಿ ಬದುಕುಳಿದವರು 1522ರಲ್ಲಿ ಭೂಮಿಯನ್ನು ಪಶ್ಚಿಮಕ್ಕೆ ಸುತ್ತಿ ಮರಳುವಾಗ ಕೇಪ್ ವರ್ಡೆ ದ್ವೀಪದಲ್ಲಿ ವಿಚಾರಿಸಿದರೆ ಅಂದು ಗುರುವಾರ, ಹಡಗಿನ ದಿನಚರಿಯಲ್ಲಿ ಬುಧವಾರ. ದಿನವೂ ತಪ್ಪದೆ ಬರೆದಿದ್ದರೂ ಒಂದು ದಿನ ಕಾಣೆ. ಪೆಸಿಫಿಕ್ ಸಾಗರದ ಸಮೋವಾ ದೇಶ 2011ರಲ್ಲಿ ಈ ರೇಖೆಯ ಇನ್ನೊಂದು ಬದಿಗೆ ಸೇರಿಕೊಳ್ಳಲು ಬೇಕೆಂದೇ ಒಂದು ದಿನ ಬಿಟ್ಟುಕೊಟ್ಟಿತು. ಡಿಸೆಂಬರ್ 29ರ ಮರುದಿನ ಅಲ್ಲಿ ಡಿಸೆಂಬರ್ 31.

ಈಗಿನ ಮೊಬೈಲ್ ರೇಖಾಂಶವನ್ನಷ್ಟೇ ಅಲ್ಲ, ಅಕ್ಷಾಂಶವನ್ನೂ ಗಡಿಯಾರದಿಂದಲೇ ಕಂಡುಹಿಡಿಯುತ್ತದೆ. ಉಪಗ್ರಹಗಳ ಪರಮಾಣು ಗಡಿಯಾರಗಳಿಂದ ಹೊರಟ ಸಂಕೇತ ಎಷ್ಟು ಹೊತ್ತಿಗೆ ತಲುಪಿತು ಎಂಬುದೇ ಅದರ ಲೆಕ್ಕ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಇಂಥ ಮೊಬೈಲನ್ನು ಹಿಡಿದು ಗ್ರೀನ್‌ವಿಚ್ ವೀಕ್ಷಣಾಲಯಕ್ಕೆ ಹೋದವರು ಅಲ್ಲಿ ನೆಲದಲ್ಲಿ ಕೂರಿಸಿದ ಲೋಹದ ಪಟ್ಟಿಯ ಆಚೀಚೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಪರದೆ ನೋಡಿದರೆ ರೇಖಾಂಶ ಸೊನ್ನೆಯಿಲ್ಲ. ಹಳೆಯ ಸೊನ್ನೆಯನ್ನು ಗುರುತಿಸಿದ ದೂರದರ್ಶಕವನ್ನು ನೆಟ್ಟಗೆ ನಿಲ್ಲಿಸಲು ಆ ಜಾಗದ ಗುರುತ್ವವನ್ನೇ ನಂಬಿದ್ದರು. ಭೂಮಿಯ ಒಡಲಿನ ದ್ರವ್ಯ ಎಲ್ಲೆಡೆ ಸಮನಾಗಿ ಹರಡಿಲ್ಲವಾದ್ದರಿಂದ ಅಲ್ಲಿ 'ನೇರ ಕೆಳಗೆ' ಎಂಬ ದಿಕ್ಕೇ ಕೂದಲೆಳೆಯಷ್ಟು ವಾಲಿದೆ. ಉಪಗ್ರಹಗಳು ಭೂಮಿಯ ದ್ರವ್ಯಕೇಂದ್ರದಿಂದ ಲೆಕ್ಕ ಹಿಡಿಯುತ್ತವೆ. ಅವುಗಳ ಸೊನ್ನೆ ಬೇಕಾದರೆ ಪಟ್ಟಿಯನ್ನು ಬಿಟ್ಟು ಪೂರ್ವಕ್ಕೆ 102 ಮೀಟರ್ ನಡೆದು ಪಕ್ಕದ ಉದ್ಯಾನಕ್ಕೆ ಹೋಗಬೇಕು.