ಹುಲ್ಲು ಅದೇ, ಶುಲ್ಕ ಬೇರೆ

ಗಾಲ್ಫ್ ಆಡಲು ಕ್ಲಬ್ಬಿನ ಸದಸ್ಯರೇ ಆಗಿರಬೇಕೆಂದಿಲ್ಲ. ಸಾರ್ವಜನಿಕ ಕೋರ್ಸ್‌ಗಳಲ್ಲಿ, ಅಂದರೆ ಗಾಲ್ಫ್ ಮೈದಾನಗಳಲ್ಲಿ, ಆ ದಿನದ ಗ್ರೀನ್ ಫೀ, ಅಂದರೆ ಆಟದ ಶುಲ್ಕ, ಕಟ್ಟಿದ ಯಾರು ಬೇಕಾದರೂ ಆಡಬಹುದು. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿರುವ ಬೆತ್‌ಪೇಜ್ ಬ್ಲ್ಯಾಕ್ ಅಂಥ ಒಂದು ಕೋರ್ಸ್. ಸರ್ಕಾರಿ ಉದ್ಯಾನದ ಭಾಗವಾದ ಅಲ್ಲಿ 2002 ಮತ್ತು 2009ರಲ್ಲಿ ಯುಎಸ್ ಓಪನ್ ಎಂಬ ದೊಡ್ಡ ಗಾಲ್ಫ್ ಪಂದ್ಯಾವಳಿ ನಡೆದಿದೆ. ರಾಜ್ಯದ ನಿವಾಸಿಗಳಿಗೆ ಅಲ್ಲಿ ಒಂದು ದರ, ಹೊರಗಿನವರಿಗೆ ಅದಕ್ಕಿಂತ ಬಹಳ ಹೆಚ್ಚಿನ ದರ. ಇಬ್ಬರೂ ಒಂದೇ ಬೆಳಿಗ್ಗೆ, ಒಂದೇ ಗುಂಪಿನಲ್ಲಿ, ಒಂದೇ ಹುಲ್ಲಿನ ಮೇಲೆ ಆಡುತ್ತಾರೆ. ಆದರೂ ಇಬ್ಬರ ಮನಸ್ಸಿನಲ್ಲಿ ಉಳಿಯುವ ಕೋರ್ಸ್ ಒಂದೇ ಆಗಿರಲಾರದು ಎಂದು ನಂಬಲು ಮನೋವಿಜ್ಞಾನ ಬಲವಾದ ಕಾರಣಗಳನ್ನು ಕೊಡುತ್ತದೆ.

2008ರಲ್ಲಿ ಹಿಲ್ಕೆ ಪ್ಲಾಸ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ನೋಡಿ. ಮೆದುಳಿನ ಸ್ಕ್ಯಾನರ್‌ನೊಳಗೆ ಮಲಗಿದ್ದವರಿಗೆ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿದರು. 90 ಡಾಲರಿನದೇ ಹೆಚ್ಚು ರುಚಿ ಎಂಬ ಉತ್ತರ ಬಂತು. ಅಷ್ಟೇ ಆಗಿದ್ದರೆ ಬರಿಯ ಬಾಯಿಮಾತು ಎನ್ನಬಹುದಿತ್ತು. ಆದರೆ ಹಿತಾನುಭವಕ್ಕೆ ಸಂಬಂಧಿಸಿದ ಮೆದುಳಿನ ಭಾಗವೂ ಆಗ ಹೆಚ್ಚು ಚುರುಕಾಗಿತ್ತು. ಮುಂದೊಮ್ಮೆ ಬೆಲೆ ಹೇಳದೆ ಕುಡಿಸಿದಾಗ ವ್ಯತ್ಯಾಸವೇ ಕಾಣಲಿಲ್ಲ. ಬೆಲೆಯ ಅರಿವು ನಮ್ಮ ಅಭಿಪ್ರಾಯವನ್ನಷ್ಟೇ ಅಲ್ಲ, ಅನುಭವವನ್ನೇ ತಿದ್ದಬಲ್ಲದು.

ಗಾಲ್ಫ್‌ನಲ್ಲೂ ಇದಕ್ಕೆ ಹತ್ತಿರದ ಪ್ರಯೋಗ ನಡೆದಿದೆ. ಅಲ್ಲಿ ಪರೀಕ್ಷಿಸಿದ್ದು ಬೆಲೆಯನ್ನಲ್ಲ, ಹೆಸರನ್ನು. 2011ರ ಆ ಪುಟ್ಟ ಅಧ್ಯಯನದಲ್ಲಿ ಪಟ್ಟರ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಕೋಲು, ಕೊಡುವಾಗ ಕೆಲವರಿಗೆ ‘ಇದು ಒಬ್ಬ ವೃತ್ತಿಪರ ಆಟಗಾರನದು’ ಎಂದು ಹೇಳಲಾಗಿತ್ತು. ಅವರ ಕಣ್ಣಿಗೆ 10.8 ಸೆಂಟಿಮೀಟರ್ ಅಗಲದ ಕುಳಿ ಇತರರಿಗೆ ಕಂಡದ್ದಕ್ಕಿಂತ ದೊಡ್ಡದಾಗಿ ಕಂಡಿತು. ಚೆಂಡನ್ನು ಕುಳಿಯೊಳಗೆ ಹೆಚ್ಚು ಸಲ ಉರುಳಿಸಿದವರೂ ಅವರೇ.

ಹಾಗಾದರೆ ಶುಲ್ಕ ಏರಿಸಿದಷ್ಟೂ ಮೆಚ್ಚುಗೆ ಏರಬೇಕಲ್ಲವೇ? ಇಲ್ಲ, ಇಲ್ಲೇ ವಿಷಯಕ್ಕೆ ರಂಗೇರುವುದು. 1980ರಲ್ಲಿ ಗ್ರಾಹಕರ ತೃಪ್ತಿಯ ಸಂಶೋಧಕ ರಿಚರ್ಡ್ ಆಲಿವರ್ ಮಂಡಿಸಿದ ಮಾದರಿಯ ಪ್ರಕಾರ ತೃಪ್ತಿ ಎಂಬುದು ಸಿಕ್ಕ ಗುಣಮಟ್ಟದಿಂದ ಮಾತ್ರ ಬರುವುದಿಲ್ಲ. ನಿರೀಕ್ಷೆಗೂ ಸಿಕ್ಕಿದ್ದಕ್ಕೂ ನಡುವಿನ ಅಂತರವೂ ಅದನ್ನು ನಿರ್ಧರಿಸುತ್ತದೆ. ಹೆಚ್ಚು ಹಣ ಕೊಟ್ಟವನ ನಿರೀಕ್ಷೆಯೂ ಹೆಚ್ಚು, ನಿರಾಸೆಗೆ ಅವಕಾಶವೂ ಹೆಚ್ಚು. ಒಂದೇ ಶುಲ್ಕ ಮೆಚ್ಚುಗೆಯನ್ನು ಮೇಲಕ್ಕೂ ಎಳೆಯುತ್ತದೆ, ಕೆಳಕ್ಕೂ ಎಳೆಯುತ್ತದೆ.

ಯಾವಾಗ ಯಾವ ಎಳೆತ ಗೆಲ್ಲುತ್ತದೆ? ಸಾಕ್ಷ್ಯ ಎಷ್ಟು ನಿಚ್ಚಳ ಎಂಬುದರ ಮೇಲೆ ಅದು ನಿಂತಿದೆ ಎಂದು ನನಗನಿಸುತ್ತದೆ. ಕೋರ್ಸ್‌ನ ಸೊಬಗು, ವಿನ್ಯಾಸದ ಜಾಣ್ಮೆ, ಅಲ್ಲಿನ ವಾತಾವರಣ ಇವನ್ನೆಲ್ಲ ಅಳೆಯುವ ಕೋಲು ಇಲ್ಲ. ಅಲ್ಲಿ ಮನಸ್ಸು ಶುಲ್ಕದ ಕಡೆಗೆ ವಾಲುತ್ತದೆ. ಆದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಾದ ಗ್ರೀನ್ ಮೇಲೆ ಚೆಂಡು ಪುಟಿಯುತ್ತ ದಾರಿ ತಪ್ಪಿದರೆ, ಬಂಕರ್ ಎಂಬ ಮರಳುಗುಂಡಿಯಲ್ಲಿ ಹಿಂದಿನವರ ಹೆಜ್ಜೆಗಳು ಹಾಗೇ ಇದ್ದರೆ, ಮೊದಲ ಹೊಡೆತದ ಜಾಗವಾದ ಪ್ರತಿ ಟೀಯಲ್ಲೂ ಕಾಯಬೇಕಾಗಿ ಬಂದರೆ, ಯಾವ ಬೆಲೆಯೂ ಅದನ್ನು ಮುಚ್ಚಲಾರದು. ಆಗ ದುಬಾರಿ ಶುಲ್ಕ ಗಾಯದ ಮೇಲಿನ ಉಪ್ಪಾಗುತ್ತದೆ.

ಇದಕ್ಕೆ ಗ್ರೀನ್‌ಗಳಿಗೆ ರಂಧ್ರ ಕೊರೆಯುವ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಓಡಾಟದಿಂದ ನೆಲ ಗಟ್ಟಿಯಾಗಿ ಬೇರಿಗೆ ಗಾಳಿ, ನೀರು ಇಳಿಯದಂತಾಗುತ್ತದೆ. ಆದ್ದರಿಂದ ಆಗಾಗ ಮಣ್ಣಿನ ಸಣ್ಣ ಸಣ್ಣ ತುಂಡುಗಳನ್ನು ಕಿತ್ತು ತೆಗೆದು, ಮೇಲೆ ಮರಳು ಹರಡುತ್ತಾರೆ. ಹುಲ್ಲು ಮತ್ತೆ ಕೂಡಿಕೊಳ್ಳುವವರೆಗೆ ಗ್ರೀನ್ ಒರಟು. ಕಡಿಮೆ ಕೊಟ್ಟವನು ‘ಇರಲಿ, ನೆಲಕ್ಕೆ ಒಳ್ಳೆಯದು’ ಎಂದುಕೊಂಡು ಆಡುತ್ತಾನೆ. ಪೂರ್ತಿ ದರ ಕೊಟ್ಟವನಿಗೆ ಮೋಸ ಹೋದ ಭಾವನೆ. ಕೋರ್ಸ್‌ನ ಆರೋಗ್ಯಕ್ಕಾಗಿ ಮಾಡಿದ ಕೆಲಸವೇ ಅದಕ್ಕೆ ಕೆಟ್ಟ ಹೆಸರು ತರುತ್ತದೆ. ಸಂಜೆಯ ರಿಯಾಯಿತಿ ದರದಲ್ಲಿ ಇದು ತಿರುಗುಮುರುಗಾಗುತ್ತದೆ. ದಿನವಿಡೀ ತುಳಿಸಿಕೊಂಡ ಗ್ರೀನ್ ಸಿಗುವುದು ಸಂಜೆಯವರಿಗೆ. ಆದರೂ ಅಗ್ಗಕ್ಕೆ ಆಡಿದವರು ಅದನ್ನು ಸುಲಭವಾಗಿ ಕ್ಷಮಿಸುತ್ತಾರೆ.

ಸಾರ್ವಜನಿಕವೆಂದರೆ ಅಗ್ಗವೇ ಎಂದಲ್ಲ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಯಾರು ಬೇಕಾದರೂ ಆಡಬಹುದು, ಆದರೆ ಶುಲ್ಕ 500 ಡಾಲರಿಗೂ ಹೆಚ್ಚು. ನನ್ನ ಕಳಕಳಿ ಇರುವುದು ಪುರಸಭೆಗಳು ನಡೆಸುವ ಸಾದಾ ಕೋರ್ಸ್‌ಗಳ ಬಗ್ಗೆ. ‘ಈ ದರಕ್ಕೆ ಪರವಾಗಿಲ್ಲ’ ಎಂಬ ಮಾತು ಅವುಗಳಿಗೆ ಅಂಟಿಕೊಂಡುಬಿಟ್ಟಿದೆ. ಹೊಗಳಿಕೆಯ ವೇಷ ತೊಟ್ಟ ಈ ಮಾತು ದೊಡ್ಡ ಅನ್ಯಾಯ ಮಾಡುತ್ತದೆ. ಇಳಿಜಾರನ್ನು ನೋಡಿ ಬಂಕರ್ ಇಟ್ಟ ವಿನ್ಯಾಸಕಾರನ ಜಾಣ್ಮೆ, ಕಡಿಮೆ ಸಿಬ್ಬಂದಿಯೊಂದಿಗೆ ಹುಲ್ಲು ಕಾಪಾಡುವವರ ಶ್ರಮ, ಎಲ್ಲವೂ ಆ ‘ದರಕ್ಕೆ’ ಎಂಬ ಪದದ ಹಿಂದೆ ಮರೆಯಾಗುತ್ತವೆ.

ದುರಸ್ತಿಗೆಂದು ಶುಲ್ಕ ಏರಿಸಿದರೆ ಗಲಾಟೆ ಖಚಿತ, ಏಕೆಂದರೆ ಹಳೆಯ ದರ ಆಟಗಾರರ ಮನಸ್ಸಿನಲ್ಲಿ ನ್ಯಾಯದ ಗೆರೆಯಾಗಿ ಕೂತಿರುತ್ತದೆ. ಸಂಶೋಧಕರಾದ ಕಾಹ್ನೆಮನ್, ಕ್ನೆಚ್ ಮತ್ತು ಥೇಲರ್ 1986ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹಿಮಪಾತದ ಮರುದಿನ ಹಿಮ ತೆಗೆಯುವ ಸಲಿಕೆಯ ಬೆಲೆಯನ್ನು 15ರಿಂದ 20 ಡಾಲರಿಗೆ ಏರಿಸುವುದು ಅನ್ಯಾಯ ಎಂದವರು ಶೇ 82ರಷ್ಟು. ಆದರೆ ವ್ಯಾಪಾರಿಯ ಖರ್ಚು ಏರಿದ್ದರಿಂದ ಬೆಲೆ ಏರಿದರೆ ಜನ ಒಪ್ಪುತ್ತಾರೆ ಎಂಬುದನ್ನೂ ಅದೇ ಅಧ್ಯಯನ ಕಂಡುಕೊಂಡಿತು. ಏರಿಸಿದ ಹಣ ಯಾವ ಚರಂಡಿಯ, ಯಾವ ನೀರಿನ ಪೈಪಿನ ದುರಸ್ತಿಗೆ ಹೋಗುತ್ತಿದೆ ಎಂಬುದನ್ನು ಮೊದಲ ಟೀ ಬಳಿಯೇ ಬರೆದು ಹಾಕುವುದು ಇದಕ್ಕಾಗಿ ಮುಖ್ಯ.

ಕೋರ್ಸ್‌ಗೆ ತಾರೆಗಳ ಅಂಕ ಕೊಡುವವರನ್ನು ಎಷ್ಟು ಶುಲ್ಕ ಕೊಟ್ಟಿರಿ, ಯಾವ ಹೊತ್ತಿನಲ್ಲಿ ಆಡಿದಿರಿ ಎಂದೂ ಕೇಳಬೇಕು. ಅದರ ಪಕ್ಕದಲ್ಲೇ ಸ್ಟಿಂಪ್‌ಮೀಟರ್‌ನ ಅಳತೆಯನ್ನು ಇಡಬಹುದು. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ರೂಪಿಸಿದ ಈ ಸರಳ ಸಾಧನದಿಂದ ಚೆಂಡನ್ನು ಉರುಳಿಬಿಟ್ಟು, ಗ್ರೀನ್ ಮೇಲೆ ಅದು ಎಷ್ಟು ಅಡಿ ಸಾಗಿತೆಂದು ನೋಡುತ್ತಾರೆ. ನಿವಾಸಿ ಉರುಳಿಸಿದರೂ ಹೊರಗಿನವನು ಉರುಳಿಸಿದರೂ ಆ ಅಳತೆ ಬದಲಾಗುವುದಿಲ್ಲ.