ತೋಳಿನ ಗುರುತನ್ನು ಅಂಗಿಯಿಂದ ಬಿಚ್ಚಬೇಡಿ

ಹಳೆಯ ಸೈನಿಕ ಉಡುಪುಗಳ ಸಂರಕ್ಷಣೆ ನನ್ನ ವೃತ್ತಿ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿರುವ ಎಷ್ಟೋ ಕನ್ನಡ ಕುಟುಂಬಗಳು ಎರಡನೆಯ ಮಹಾಯುದ್ಧದಲ್ಲಿ ದುಡಿದ ಅಜ್ಜನ ಅಂಗಿಯನ್ನು ಇಂದಿಗೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿವೆ. ಆದರೆ ನನ್ನ ಬಳಿಗೆ ಬರುವಾಗ ಅಂಗಿಯನ್ನು ಮನೆಯಲ್ಲೇ ಬಿಟ್ಟು, ತೋಳಿನಿಂದ ಬಿಚ್ಚಿದ ಬಣ್ಣದ ಪ್ಯಾಚನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಪದಕಗಳ ಪಕ್ಕದಲ್ಲಿ ಕಟ್ಟು ಹಾಕಿಸಬೇಕು, ಜೊತೆಗೆ ಅಜ್ಜ ಯಾವ ರೆಜಿಮೆಂಟಿನವರೆಂದು ಹೇಳಬೇಕು ಎಂಬುದು ಅವರ ಕೋರಿಕೆ. ಈಗಿನ ಯುದ್ಧ ಸಮವಸ್ತ್ರಗಳಲ್ಲಿ ಇಂಥ ಗುರುತುಗಳನ್ನು ವೆಲ್ಕ್ರೊದಿಂದ ಅಂಟಿಸಿ ಕೀಳುವುದನ್ನು ಕಂಡವರಿಗೆ, ಪ್ಯಾಚ್ ಎಂದರೆ ಬೇಕಾದಾಗ ಬೇರ್ಪಡಿಸಬಹುದಾದ ವಸ್ತು ಎನಿಸುವುದು ಸಹಜ. ಆದರೂ ಪ್ರತಿ ಸಲ ನನಗೆ ಸಂಕಟವಾಗುತ್ತದೆ.

ಆ ಕಾಲದ ಭಾರತೀಯ ಸೇನೆಯಲ್ಲಿ ತೋಳಿನ ಚಿತ್ರವು ಸಾಮಾನ್ಯವಾಗಿ ಸೂಚಿಸುತ್ತಿದ್ದುದು ಡಿವಿಷನ್ನನ್ನು, ಅಂದರೆ ಯುದ್ಧಕ್ಕಾಗಿ ಒಟ್ಟುಗೂಡಿಸಿದ ಹಲವು ಸಾವಿರ ಸೈನಿಕರ ದಳವನ್ನು, ಅಥವಾ ಅದಕ್ಕಿಂತ ದೊಡ್ಡ ದಳವನ್ನು. ಕೆಂಪು ಹದ್ದು ನಾಲ್ಕನೆಯ ಡಿವಿಷನ್ನಿನದು, ಕಪ್ಪು ನೆಲದ ಮೇಲಿನ ಕೆಂಪು ವೃತ್ತ ಐದನೆಯದು, ಕರಿಬೆಕ್ಕು ಹದಿನೇಳನೆಯದು. 'ಕೆಂಪು ಹದ್ದಿನ ರೆಜಿಮೆಂಟ್' ಎಂಬುದು ಇರಲೇ ಇಲ್ಲ. ರೆಜಿಮೆಂಟ್ ಎಂದರೆ ಸೈನಿಕ ಸೇರಿದ ಮೂಲ ಪಡೆ, ಬೆಟಾಲಿಯನ್ ಅದರ ಒಂದು ತುಕಡಿ. ಒಂದು ಡಿವಿಷನ್ನಿನಲ್ಲಿ ಹಲವು ರೆಜಿಮೆಂಟುಗಳ ಬೆಟಾಲಿಯನ್ನುಗಳು ಇರುತ್ತಿದ್ದವು. ಒಂದೇ ರೆಜಿಮೆಂಟಿನ ಬೆಟಾಲಿಯನ್ನುಗಳು ಬೇರೆ ಬೇರೆ ಡಿವಿಷನ್ನುಗಳಲ್ಲಿ ಹಂಚಿಹೋಗಿರುತ್ತಿದ್ದವು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳವನ್ನೇ ನೋಡಿ. 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ ಹೋರಾಡಿ ಮಡಿದು ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ನಾಯಕ್ ಯಶವಂತ ಘಾಡ್ಗೆ ಅದರ ಮೂರನೆಯ ಬೆಟಾಲಿಯನ್ನಿನವರು. ಆ ಬೆಟಾಲಿಯನ್ ಆಗ ಹತ್ತನೆಯ ಡಿವಿಷನ್ನಿನಲ್ಲಿತ್ತು. 1945ರ ಏಪ್ರಿಲ್ 9ರಂದು ಇಟಲಿಯದೇ ಸೆನಿಯೊ ನದಿಯ ದಡದಲ್ಲಿ ಅದೇ ಗೌರವಕ್ಕೆ ಪಾತ್ರರಾದ ಸಿಪಾಯಿ ನಾಮದೇವ ಜಾಧವ ಒಂದನೆಯ ಬೆಟಾಲಿಯನ್ನಿನವರು. ಅದು ಎಂಟನೆಯ ಡಿವಿಷನ್ನಿನಲ್ಲಿತ್ತು. ಇನ್ನು ಆ ಮೂರನೆಯ ಬೆಟಾಲಿಯನ್ 1941ರಲ್ಲಿ ಆಫ್ರಿಕಾದ ಎರಿಟ್ರಿಯಾದಲ್ಲಿ ನಡೆದ ಕೆರೆನ್ ಕಾಳಗದ ಹೊತ್ತಿಗೆ ಐದನೆಯ ಡಿವಿಷನ್ನಿನೊಂದಿಗೆ ಇತ್ತು. ಹೀಗಿರುವಾಗ ಬರೀ ಪ್ಯಾಚ್ ಕೊಟ್ಟು ರೆಜಿಮೆಂಟನ್ನು ಕೇಳಿದರೆ ಯಾರು ತಾನೇ ಹೇಳಿಯಾರು?

ಅಂತರ್ಜಾಲದಲ್ಲಿ ಓದಿಕೊಂಡು ಬರುವವರು ಪ್ಯಾಚಿನಿಂದಲೇ ಬೆಟಾಲಿಯನ್ ಹೇಳಬಹುದಲ್ಲ ಎಂದು ಇಲ್ಲಿ ವಾದಕ್ಕಿಳಿಯುತ್ತಾರೆ. ಅವರು ಓದಿರುವುದು ಬಹುಮಟ್ಟಿಗೆ ಆಸ್ಟ್ರೇಲಿಯಾದ ಪದ್ಧತಿ. 1915ರಲ್ಲಿ ಈಜಿಪ್ಟಿನಲ್ಲಿ ಜಾರಿಗೆ ಬಂದ ಆ ಪದ್ಧತಿಯಲ್ಲಿ ಬಟ್ಟೆಯ ಆಕಾರ ಡಿವಿಷನ್ನನ್ನೂ, ಕೆಳಗಿನ ಬಣ್ಣ ಅದರೊಳಗಿನ ಬ್ರಿಗೇಡನ್ನೂ (ಕೆಲವು ಬೆಟಾಲಿಯನ್ನುಗಳ ಗುಂಪು), ಮೇಲಿನ ಬಣ್ಣ ಬೆಟಾಲಿಯನ್ನನ್ನೂ ಹೇಳುತ್ತಿತ್ತು. ಹಸಿರಿನ ಮೇಲೆ ಕಪ್ಪು ಇರುವ ಅಡ್ಡ ಆಯತವನ್ನು ಕಂಡೊಡನೆ ಒಂದನೆಯ ಬೆಟಾಲಿಯನ್ ಎನ್ನಬಹುದು. ಆ ಲೆಕ್ಕ ನಮ್ಮ ಹದ್ದು, ಬೆಕ್ಕುಗಳಿಗೆ ಹೊಂದುವುದಿಲ್ಲ.

ರೆಜಿಮೆಂಟಿನ ಸುಳಿವು ಉಳಿದಿರುವುದು ಅಂಗಿಯಲ್ಲಿ. ಭುಜದ ಪಟ್ಟಿಯ ಮೇಲೆ ರೆಜಿಮೆಂಟನ್ನು ಸೂಚಿಸುವ ಹಿತ್ತಾಳೆಯ ಅಕ್ಷರಗಳು ಇಲ್ಲದಿದ್ದರೂ ಅವುಗಳ ಕೊಂಡಿ ಹೊಕ್ಕ ಎರಡು ತೂತುಗಳು ಇರಬಹುದು. ಅವುಗಳ ನಡುವಿನ ಅಂತರವೇ ಎಷ್ಟೋ ಸಲ ದಾರಿ ತೋರಿಸುತ್ತದೆ. ಪ್ಯಾಚಿನ ಅಡಿಯಲ್ಲಿ ಬಿಸಿಲು ಕಾಣದ ಖಾಕಿ ಸುತ್ತಲಿನದಕ್ಕಿಂತ ಗಾಢವಾಗಿದ್ದರೆ ಅದು ಅಲ್ಲಿ ಬಹುಕಾಲ ಇತ್ತೆಂದು ತಿಳಿಯುತ್ತದೆ. ಪ್ಯಾಚಿನ ಅಂಚಿನ ಹೊರಗೆ ಇನ್ನೊಂದು ಹೊಲಿಗೆಯ ಸಾಲು ಕಂಡರೆ ಡಿವಿಷನ್ ಬದಲಾದದ್ದನ್ನು ಊಹಿಸಬಹುದು, ಖಚಿತವೆನ್ನಲಾಗದು. ಸೆಖೆಯ ರಣಭೂಮಿಗಳಲ್ಲಿ ಅಂಗಿ ಪದೇ ಪದೇ ಒಗೆಯಬೇಕಾದ್ದರಿಂದ ಕೆಲವರು ಗುರುತಿಗೆ ಟಿಚ್ ಬಟನ್ ಹಾಕಿಕೊಳ್ಳುತ್ತಿದ್ದರು. ನಿಪ್ಪಾಣಿ ಕಡೆಯ ಒಬ್ಬ ತಾಯಿ ತಂದ ಅಂಗಿಯ ತೋಳಿನಲ್ಲಿ ಅಂಥ ನಾಲ್ಕು ಗುಂಡಿಗಳಿದ್ದವು. ಒಂದನ್ನು ಮಾತ್ರ ಬಿಳಿ ದಾರದಿಂದ ಒಡ್ಡೊಡ್ಡಾಗಿ ಹೊಲಿಯಲಾಗಿತ್ತು. ಕಟ್ಟು ಹಾಕಿಸಲು ಪ್ಯಾಚ್ ತೆಗೆಯೋಣವೆಂದು ಮಗ ಒತ್ತಾಯಿಸುತ್ತಿದ್ದಾಗ ಆಕೆ, "ಮಾವನೋರು ತಮ್ಮ ಕೈಲೆ ಹೊಲಕೊಂಡದ್ದೈತ್ರಿ, ಯಾರೂ ಮುಟ್ಟೂದು ಬ್ಯಾಡ" ಎಂದರು. ಆ ತಾಯಿಯ ಬಗ್ಗೆ ನನಗೆ ಅಪಾರ ಗೌರವವಿದೆ.

ತೊಳೆಯುವುದೂ ಅಷ್ಟೇ ಹಾನಿಕರ. ಉಣ್ಣೆ ಬಟ್ಟೆಯ ಮೇಲಿನ ಕೆಂಪು ಬಣ್ಣ ನೀರು ಸೋಕಿದರೆ ಖಾಕಿಗೆ ಹರಿಯಬಹುದು, ಉಣ್ಣೆ ಕುಗ್ಗಿ ಹತ್ತಿಯ ತೋಳು ಸುಕ್ಕುಗಟ್ಟಬಹುದು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ನೇರಳಾತೀತ ದೀಪದ ಕೆಳಗೆ ಬಿಳುಪು ಎದ್ದು ಕಾಣಲು ಬಳಸುವ ಇಂದಿನ ಹೊಳಪುಕಾರಕ ಹಾಕಿದ ದಾರ ನೀಲಿಯಾಗಿ ಮಿನುಗುತ್ತದೆ. ಯುದ್ಧಕಾಲದ ದಾರ ಸಾಮಾನ್ಯವಾಗಿ ಮಂಕಾಗಿಯೇ ಉಳಿಯುತ್ತದೆ. ನಕಲು ಪ್ಯಾಚುಗಳು ಧಾರಾಳವಾಗಿ ಮಾರಾಟವಾಗುವ ಈ ದಿನಗಳಲ್ಲಿ ಅದು ನಮಗಿರುವ ಸರಳ ಪರೀಕ್ಷೆ. ಬಟ್ಟೆ ಒಗೆಯುವ ಪುಡಿಯಲ್ಲಿಯೂ ಅದೇ ಹೊಳಪುಕಾರಕ ಇರುವುದರಿಂದ, ಒಮ್ಮೆ ಅದರಲ್ಲಿ ಒಗೆದ ಅಸಲಿ ಅಂಗಿಯೂ ನಕಲಿಯಂತೆ ಮಿನುಗತೊಡಗುತ್ತದೆ, ಆಮೇಲೆ ನಾನು ಆಣೆ ಮಾಡಿ ಹೇಳಲಾರೆ.

ಆದ್ದರಿಂದ ಅಂಗಿಯನ್ನು ಇದ್ದಂತೆಯೇ ತನ್ನಿ. ಗಂಜಿ ಹೋಗುವಂತೆ ತೊಳೆದು ಒಣಗಿಸಿದ ಕೋರಾ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೋಳಿನ ಮೇಲೆ ಮಡಿಕೆ ಬೀಳದಂತೆ ಇಡಿ. ನುಸಿಗುಳಿಗೆ ಬಟ್ಟೆಗೆ ತಾಗದಿರಲಿ. ಈಗಾಗಲೇ ಬಿಚ್ಚಿದ್ದರೆ ದಯವಿಟ್ಟು ಮರಳಿ ಹೊಲಿಯಬೇಡಿ. ಪ್ಯಾಚನ್ನೂ ಉದುರಿದ ದಾರದ ತುಂಡುಗಳನ್ನೂ ಒಂದು ಕಾಗದದ ಲಕೋಟೆಯಲ್ಲಿ ಹಾಕಿ, ಎಡತೋಳೋ ಬಲತೋಳೋ ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆದು ಅಂಗಿಯ ಜೊತೆಗೇ ಇರಿಸಿ.