ಓಟಿಪಿನೇ ಹೇಳಿಲ್ಲ, ದುಡ್ಡು ಹೆಂಗ್ ಹೋಗುತ್ತೆ ಸಾರ್?

ಪ್ರಶ್ನೆ: ನಾನು ಆಗಾಗ ಬಟ್ಟೆ ತರಿಸೋ ಆನ್‌ಲೈನ್ ಅಂಗಡಿಯವ್ರು ಗ್ರಾಹಕರ ಮಾಹಿತಿ ಸೋರಿಕೆ ಆಗಿದೆ, ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ ಅಂತ ಮೇಲ್ ಕಳ್ಸಿದಾರೆ. ಕ್ರೆಡಿಟ್ ಕಾರ್ಡ್ ಬ್ಲಾಕ್ ಮಾಡಿಸ್ಬೇಕಾ ಸಾರ್? ನಮ್ಮನೆಯವ್ರು ಓಟಿಪಿ ಯಾರಿಗೂ ಹೇಳಿಲ್ವಲ್ಲ, ಏನೂ ಆಗಲ್ಲ ಬಿಡು ಅಂತಾರೆ. (ತಿಪಟೂರಿನ ಓದುಗರೊಬ್ಬರು)

ಈ ಪ್ರಶ್ನೆಗೆ ಎಷ್ಟ್ ಸಲ ಉತ್ತರ ಬರ್ದಿದೀನೋ ಲೆಕ್ಕ ಇಡೋದೇ ಬಿಟ್ಟಿದೀನಿ. ಇದೇ ಕೊನೆ, ಇನ್ಮೇಲೆ ಕೇಳಿದವ್ರಿಗೆಲ್ಲ ಇದನ್ನೇ ಫಾರ್ವರ್ಡ್ ಮಾಡೋದು.

ಚಿಕ್ಕ ಉತ್ತರ ಮೊದ್ಲು. ಅದು ನಮ್ಮ ದೇಶದ ಅಂಗಡಿ ಆದ್ರೆ, ಸೇವ್ ಮಾಡಿಟ್ಟ ಕಾರ್ಡಿಗೋಸ್ಕರ ಬ್ಲಾಕ್ ಮಾಡಿಸೋ ಅಗತ್ಯ ಸಾಮಾನ್ಯವಾಗಿ ಇಲ್ಲ. 2022ರ ಅಕ್ಟೋಬರ್ 1ರಿಂದ ಯಾವ ಅಂಗಡಿನೂ ನಿಮ್ಮ ಕಾರ್ಡಿನ 16 ಅಂಕಿ ನಂಬರ್ ಇಟ್ಕೊಳ್ಳೋ ಹಂಗಿಲ್ಲ ಅಂತ ಆರ್‌ಬಿಐ ರೂಲ್ ಇದೆ, ಅದರ ಬದ್ಲು ಒಂದು ಟೋಕನ್ ಇರುತ್ತೆ, ಆ ಟೋಕನ್ ಕದ್ಕೊಂಡು ಹೋಗಿ ಬೇರೆ ಅಂಗಡೀಲಿ ತೋರಿಸಿದ್ರೆ ಮೂರು ಕಾಸಿಗೂ ಬರಲ್ಲ. ನಿಮಗೆ ಕಾಣೋದು ಕೊನೇ 4 ಅಂಕಿ ಮಾತ್ರ, ಅವ್ರ ಹತ್ರ ಇರೋದೂ ಅಷ್ಟೇ. ಆದ್ರೆ ಸೋರಿಕೆ ಆದ ದಿನಗಳಲ್ಲೇ ನೀವು ಆ ಸೈಟಲ್ಲಿ ಪೂರ್ತಿ ನಂಬರ್ ಟೈಪ್ ಮಾಡಿದ್ರೆ, ಇಲ್ಲಾ ಅದು ಫಾರಿನ್ ಸೈಟ್ ಆಗಿದ್ರೆ, ಯೋಚ್ನೆನೇ ಮಾಡ್ಬೇಡಿ, ಬ್ಲಾಕ್ ಮಾಡ್ಸಿ ಹೊಸ ಕಾರ್ಡ್ ತಗೊಳ್ಳಿ.

ಈಗ ನಿಮ್ಮ ಯಜಮಾನರ ವಿಷ್ಯಕ್ಕೆ ಬರ್ತೀನಿ. ಅವ್ರೊಬ್ರೇ ಅಲ್ಲ ಬಿಡಿ, ತುಮಕೂರಲ್ಲಿ ಬಿ.ಎಚ್. ರೋಡಿನ ಟೀ ಅಂಗಡೀಲಿ ನಿಂತು ಕೇಳಿ, ಹತ್ತರಲ್ಲಿ ಒಂಬತ್ತು ಜನ ಇದನ್ನೇ ಹೇಳ್ತಾರೆ, ಓಟಿಪಿ ಇಲ್ದೆ ಒಂದ್ ರೂಪಾಯಿನೂ ಹೋಗಲ್ಲ ಅಂತ. ಡಿಗ್ರಿ ಓದಿದವ್ರೂ ಹೇಳ್ತಾರೆ, ಅದಕ್ಕೇ ನಂಗೆ ಸಿಟ್ಟು ಬರೋದು.

ಓಟಿಪಿ ನಿಮ್ಮ ಕಾರ್ಡಿಗೆ ಹಾಕಿರೋ ಬೀಗ ಅಲ್ಲ ಕಣ್ರೀ. ಅದು ನಮ್ಮ ದೇಶದ ರೂಲು. ಆನ್‌ಲೈನಲ್ಲಿ ಕಾರ್ಡ್ ಬಳಸೋವಾಗ ಇನ್ನೊಂದು ಪರಿಶೀಲನೆ ಇರ್ಲೇಬೇಕು ಅಂತ ಆರ್‌ಬಿಐ 2009ರಲ್ಲಿ ತಂದಿದ್ದು. ರೂಲು ನಮ್ಮ ಬ್ಯಾಂಕಿಗೆ, ನಮ್ಮ ಅಂಗಡಿಗೆ. ಹೊರದೇಶದಲ್ಲಿ ಕೂತಿರೋ ಅಂಗಡಿಯವನಿಗೆ ಆ ರೂಲಿನ ಗೊಡವೆನೇ ಇಲ್ಲ. ಎಷ್ಟೋ ಫಾರಿನ್ ಸೈಟುಗಳಲ್ಲಿ ಕಾರ್ಡ್ ನಂಬರ್, ಎಕ್ಸ್‌ಪೈರಿ, ಸಿವಿವಿ (ಕಾರ್ಡ್ ಹಿಂದಿರೋ ಮೂರಂಕಿ) ಇಷ್ಟ್ ಹಾಕಿದ್ರೆ ಮುಗೀತು, ಫೋನಿಗೆ ಬರೋದು ಓಟಿಪಿ ಅಲ್ಲ, ದುಡ್ಡು ಕಟ್ ಆಯ್ತು ಅನ್ನೋ ಮೆಸೇಜು. ಮುಂಬಾಗಿಲಿಗೆ ಮೂರು ಬೀಗ ಜಡಿದು ಹಿತ್ತಲ ಬಾಗಿಲು ತೆಗ್ದಿಟ್ಟು ಮಲಗಿದಂಗೆ ಇದು. ಕಳ್ಳ ದಡ್ಡ ಅಲ್ಲ, ಹಿತ್ತಲಿಂದಾನೇ ಬರ್ತಾನೆ, ಅದೂ ಮೊದ್ಲು 50 ರೂಪಾಯಿ, 80 ರೂಪಾಯಿ ತೆಗ್ದು ಕಾರ್ಡ್ ಜೀವಂತ ಇದೆಯಾ ಅಂತ ನೋಡ್ತಾನೆ. ನೀವು ಯಾವ್ದೋ ರೀಚಾರ್ಜ್ ಇರ್ಬೇಕು ಅಂತ ಸುಮ್ನಾಗ್ತೀರ. ಆಮೇಲೆ ದೊಡ್ಡದು ಬೀಳುತ್ತೆ.

"ಸಿವಿವಿ ಅಂಗಡಿಯವ್ರ ಹತ್ರ ಇರಲ್ವಲ್ಲ ಸಾರ್, ಕಳ್ಳನಿಗೆ ಎಲ್ಲಿಂದ ಸಿಗುತ್ತೆ?" ಅಂತ ಒಬ್ರು ಜಾಣರು ಕೇಳಿದ್ರು. ಒಳ್ಳೇ ಪ್ರಶ್ನೆ, ಬೆನ್ನು ತಟ್ಟಿದೆ. ಆದ್ರೆ 2018ರಲ್ಲಿ ಬ್ರಿಟಿಷ್ ಏರ್‌ವೇಸಿಗೆ ಆಗಿದ್ದು ನೋಡಿ. ಕಳ್ಳರು ಅವ್ರ ತಿಜೋರಿ ಒಡೀಲಿಲ್ಲ, ದುಡ್ಡು ಕಟ್ಟೋ ಪುಟದ ಒಳಗೇ ಸಣ್ಣದೊಂದು ಕೋಡ್ ಸೇರಿಸಿ ಕೂತ್ರು, ಜನ ಟೈಪ್ ಮಾಡ್ತಿದ್ದಂಗೇ ನಂಬರು, ಸಿವಿವಿ ಎಲ್ಲಾ ಅವ್ರಿಗೂ ಒಂದು ಕಾಪಿ ಹೋಗ್ತಿತ್ತು, ಸುಮಾರು ಎರಡು ವಾರ. ಬ್ರೌಸರಲ್ಲಿ ಬೀಗದ ಚಿತ್ರ ಎಂದಿನ ಹಂಗೇ ಇತ್ತು. ಕಂಪನಿಗೆ 2020ರಲ್ಲಿ 2 ಕೋಟಿ ಪೌಂಡ್ ದಂಡ ಬಿತ್ತು. "ನಾವು ಕಾರ್ಡ್ ವಿವರ ಇಟ್ಕೊಳ್ಳಲ್ಲ" ಅನ್ನೋ ಮಾತು ನಿಜವೇ ಇರ್ಬೋದು, ಇಂಥ ಕಳ್ಳತನದ ಮುಂದೆ ಅದು ಕೆಲ್ಸಕ್ಕೆ ಬರಲ್ಲ, ಅಷ್ಟೇ.

ಹಂಗಾದ್ರೆ ಮಾಡೋದೇನು? ಬ್ಯಾಂಕ್ ಆಪಲ್ಲಿ ಕಾರ್ಡ್ ಸೆಟ್ಟಿಂಗಿಗೆ ಹೋಗಿ ಇಂಟರ್‌ನ್ಯಾಷನಲ್ ಆಫ್ ಮಾಡಿ. 2020ರ ರೂಲ್ ಪ್ರಕಾರ ಹೊಸ ಕಾರ್ಡಲ್ಲಿ ಅದು ಆಫೇ ಇರುತ್ತೆ, ಆದ್ರೆ ಕಾರ್ಡ್ ಬಂದ ಖುಷೀಲಿ ಎಲ್ಲಾ ಬಟನ್ ಆನ್ ಮಾಡ್ಕೊಂಡಿರ್ತೀವಲ್ಲ. ಅಂಗಡಿಯವ್ರು ಕಳ್ಸಿದ ಇಮೇಲ್‌ನಲ್ಲಿರೋ ಲಿಂಕ್ ಒತ್ತಬೇಡಿ, ಪಾಸ್‌ವರ್ಡ್ ಬದಲಾಯಿಸೋದಿದ್ರೆ ನೀವೇ ಆಪ್ ತೆಗ್ದು ಬದಲಾಯಿಸಿ.

ದುಡ್ಡು ಹೋಗೇ ಬಿಟ್ಟಿದ್ರೆ ಬೆಟ್ಟ ಹತ್ತೋ ಮೊದ್ಲು ಬ್ಯಾಂಕಿಗೆ ಫೋನ್ ಮಾಡಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಮಾಡಿ. (ಬೆಟ್ಟ ಯಾಕೆ ಅಂದ್ರೆ, ನಮ್ಮ ಬೀದಿಯವ್ರೊಬ್ರು ಮೆಸೇಜ್ ನೋಡಿದ್ಮೇಲೂ ದೇವರಾಯನದುರ್ಗಕ್ಕೆ ಹೋಗಿ ಹರಕೆ ತೀರಿಸ್ಕೊಂಡು ಬಂದು ಆಮೇಲೆ ದೂರು ಕೊಟ್ರು.) 2017ರ ಜುಲೈನ ಆರ್‌ಬಿಐ ಸುತ್ತೋಲೇಲಿ ಸ್ಪಷ್ಟವಾಗಿದೆ: ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿಂದೂ ಅಲ್ಲ, ಬೇರೆಲ್ಲೋ ಸೋರಿಕೆ ಆಗಿದ್ರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ಹೇಳಿದ್ರೆ ನಿಮಗೆ ನಷ್ಟ ಸೊನ್ನೆ. 4ರಿಂದ 7 ದಿನ ಆದ್ರೆ ಸ್ವಲ್ಪ ನಿಮ್ಮ ತಲೆ ಮೇಲೆ. ಅದಕ್ಕಿಂತ ತಡ ಆದ್ರೆ ಬ್ಯಾಂಕಿನವ್ರು ಮಾಡ್ಕೊಂಡಿರೋ ಪಾಲಿಸಿ ಹೇಳಿದಂಗೆ. ತಿಳಿಸಿದ 10 ಕೆಲಸದ ದಿನದಲ್ಲಿ ದುಡ್ಡು ವಾಪಸ್ ಜಮಾ ತೋರಿಸ್ಬೇಕು. "ನೀವೇ ಓಟಿಪಿ ಹೇಳಿರ್ತೀರ" ಅಂತ ಕೌಂಟರಲ್ಲಿ ಗದರಿದ್ರೆ ಹೆದರ್ಬೇಡಿ, ತಪ್ಪು ನಿಮ್ಮದು ಅಂತ ಸಾಬೀತು ಮಾಡೋ ಹೊಣೆ ಬ್ಯಾಂಕಿಂದು.

ಇನ್ನು ಕಂಪನಿಗಳು. ಸೋರಿಕೆ ಗೊತ್ತಾದ 6 ಗಂಟೆಯೊಳಗೆ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸ್ಬೇಕು ಅಂತ 2022ರ ಏಪ್ರಿಲ್‌ನಲ್ಲಿ ಆದೇಶ ಆಯ್ತು, ಆದ್ರೆ ಗ್ರಾಹಕರಿಗೆ ಎಷ್ಟೊತ್ತಿಗೆ ಹೇಳ್ಬೇಕು ಅಂತ ಆ ಆದೇಶದಲ್ಲಿ ಇಲ್ಲ. ಅದಕ್ಕೂ ಮುಂಚೆ ಕೇಳ್ಲೇಬೇಡಿ, ಆನ್‌ಲೈನ್ ಪಾವತಿ ನಡೆಸಿಕೊಡೋ ಜಸ್‌ಪೇ ಕಂಪನೀಲಿ 2020ರ ಆಗಸ್ಟಲ್ಲಿ ಸೋರಿಕೆ ಆಗಿದ್ದು ನಮಗೆ ಗೊತ್ತಾಗಿದ್ದು 2021ರ ಜನವರೀಲಿ. ಅಮೆರಿಕದ ಟಾರ್ಗೆಟ್ ಅಂಗಡಿಗಳಲ್ಲಿ 2013ರಲ್ಲಿ 4 ಕೋಟಿ ಕಾರ್ಡ್ ಕಳುವಾದಾಗ ಅವ್ರು ಏನ್ ಮಾಡಿದ್ರು ಗೊತ್ತಾ, ಆ ವಾರಾಂತ್ಯ ಬಂದವ್ರಿಗೆ 10 ಪರ್ಸೆಂಟ್ ಡಿಸ್ಕೌಂಟ್ ಕೊಟ್ರು. ಕಾರ್ಡ್ ಕಳ್ಕೊಂಡ ಜಾಗಕ್ಕೇ ಬಂದು ಇನ್ನೊಂದ್ಸಲ ಕಾರ್ಡ್ ಉಜ್ಜಿ ಅಂತ!

ನೀವು ಕೇಳ್ದೇ ಇರೋದು ಇನ್ನೊಂದಿದೆ, ನನ್ನ ಕೇಳಿದ್ರೆ ಭಯ ಪಡ್ಬೇಕಾಗಿರೋದು ಅದಕ್ಕೇ. ಕಂಪನಿಯವ್ರು "ಹಣಕಾಸಿನ ಮಾಹಿತಿ ಸೋರಿಲ್ಲ" ಅಂತ ಬರೀತಾರಲ್ಲ, ಹಂಗಾದ್ರೆ ಸೋರಿದ್ದೇನು? ಹೆಸ್ರು, ಫೋನು, ಮನೆ ವಿಳಾಸ, ಏನ್ ತರಿಸ್ಕೊಂಡ್ರಿ ಅನ್ನೋದು. ಕಾರ್ಡ್ ಆದ್ರೆ ಒಂದ್ ಫೋನಲ್ಲಿ ಬದಲಾಯಿಸ್ಬೋದು, ಮನೆ ಬದಲಾಯಿಸ್ತೀರಾ?

ಗುಬ್ಬೀಲಿರೋ ನಮ್ಮ ಅತ್ತೆ ಹೆಸ್ರಿಗೆ ಹೋದ ವರ್ಷ ಒಂದು ಪಾರ್ಸಲ್ ಬಂತು. ಹೆಸ್ರು, ದೇವಸ್ಥಾನದ ಹಿಂದಿನ ಬೀದಿ ಅನ್ನೋದೂ ಸೇರಿ ವಿಳಾಸ ಎಲ್ಲಾ ಸರಿ, ಕ್ಯಾಶ್ ಆನ್ ಡೆಲಿವರಿ 649 ರೂಪಾಯಿ. ಮಗ ಆರ್ಡರ್ ಮಾಡಿರ್ಬೇಕು ಅಂತ ಕೊಟ್ಟೇ ಬಿಟ್ರು. ಒಡೆದು ನೋಡಿದ್ರೆ ಒಂದು ಪ್ಲಾಸ್ಟಿಕ್ ಬಾಚಣಿಗೆ, ಸುತ್ತಿಟ್ಟ ಪೇಪರು. ತಂದ ಹುಡುಗನ ಕೇಳಿದ್ರೆ ಅವ್ನು ಪಾಪ "ನಂಗೇನ್ ಗೊತ್ತಮ್ಮಾ, ಕೊಟ್ಟಿದ್ದು ತಂದೆ" ಅಂದ. ಇದಕ್ಕೆ ಓಟಿಪಿನೂ ಬೇಡ, ಕಾರ್ಡೂ ಬೇಡ, ಸೋರಿದ ವಿಳಾಸ ಒಂದಿದ್ರೆ ಸಾಕು.

ಈಗ ಯಾವ ಪಾರ್ಸಲ್ ಬಂದ್ರೂ ಅತ್ತೆ ನಂಗೆ ಫೋನ್ ಮಾಡ್ತಾರೆ, ನಾನು ಎತ್ತೋವರ್ಗೂ ಆ ಹುಡುಗನ್ನ ಜಗಲಿ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು ಕಾಯಿಸ್ತಾರೆ.